ತಾನೇ ಸುರಿದುಕೊಂಡ ಸಾಕೆ

ಬೆಂಗಳೂರಿನಲ್ಲಿ ದೂಮಣ್ಣ ಶೆಟ್ಟರೆಂಬ ಹೋಟೆಲ್ ಮಾಲೀಕರಿದ್ದರು... ಅವರ ನಾಲಿಗೆಯೆಂದರೆ ನಾಲಿಗೆ!

ಸಾರಿನ ಹಬೆ ಮೂಗಿಗೆ ಬಡಿದರೆ ಸಾಕು, ಉಪ್ಪು ಕಮ್ಮಿಯೆಂದು ಅಡುಗೆಮನೆಗೆ ಕೂಗಿ ಹೇಳುತ್ತಿದ್ದರು.

ಆದರೆ ಹೆಂಡತಿ ತೀರಿಕೊಂಡ ಮೇಲೆ ಅದಕ್ಕೇನಾಯಿತೋ... ಯಾವುದರಲ್ಲೂ ರುಚಿಯೇ ಇಲ್ಲ.

ಡಾಕ್ಟರು "ಏನೂ ತೊಂದರೆಯಿಲ್ಲ" ಅಂದರು. ಶೆಟ್ಟರು ಬೇರೆ ಯಾರಿಗೂ ಹೇಳಲಿಲ್ಲ. ರುಚಿ ತಿಳಿಯದವನಿಗೆ ಹೋಟೆಲ್ ಯಾಕೆ, ಮಾರಿಬಿಡೋಣ ಎಂದು ಒಳಗೊಳಗೇ ಕೊರಗುತ್ತಿದ್ದರು.

ಆಗಲೇ ಹೊಸ ಜಪಾನಿ ಮೆನುವಿಗೆ ಸಾಕೆ ಆರಿಸುವ ಕೆಲಸ ಬಂತು. ಸಾಕೆ ಎಂದರೆ ಅಕ್ಕಿಯಿಂದ ಮಾಡುವ ಜಪಾನಿನ ಮದ್ಯ.

ಯಾವ ಮೀನಿಗೆ ಯಾವ ಸಾಕೆ ಒಪ್ಪುತ್ತದೆಂದು ಹೇಳಲು ಸಚಿಕೋ ಅಮ್ಮ ಬಂದರು... ಮೈಸೂರಿನವರನ್ನು ಮದುವೆಯಾಗಿ ಇಲ್ಲೇ ತಲೆ ನರೆತ ಜಪಾನಿ ಹೆಂಗಸು.

ಅವರು ಬರುವಷ್ಟರಲ್ಲಿ ಶೆಟ್ಟರು ಖಾಲಿ ಹಾಲ್‌ನಲ್ಲಿ ಒಬ್ಬರೇ ಕೂತು, ಪುಟ್ಟ ಬಟ್ಟಲಿಗೆ ಸುರಿದುಕೊಂಡು, ಸುಟ್ಟ ಬಂಗುಡೆ ಮೀನಿನ ಜೊತೆ ಒಂದೊಂದೇ ಬಾಟಲಿಯ ರುಚಿ ನೋಡುತ್ತಿದ್ದರು.

"ಹೇಗಿದೆ ಶೆಟ್ರೇ?"

"ಎಂತ ಹೇಳುದು ಅಮ್ಮ... ಎಲ್ಲ ನೀರಿನ ಹಾಗೇ ಉಂಟು." ಬಾಯಿತಪ್ಪಿ ನಿಜ ಹೊರಬಿತ್ತು.

ಸಚಿಕೋ ಅಮ್ಮ ಬಾಟಲಿ ನೋಡಲಿಲ್ಲ, ಬಟ್ಟಲು ನೋಡಿದರು. "ಇದಕ್ಕೆ ಸುರಿದವರು ಯಾರು?"

"ಯಾರು ಸುರಿಯುದು ಮಾರಾಯ್ರೆ? ನಾನೇ. ಕೈ ಉಂಟಲ್ಲ!"

"ಅಯ್ಯೋ, ಅಲ್ಲೇ ಕೆಟ್ಟಿದ್ದು! ನಮ್ಮ ಕಡೆ ಯಾರೂ ತಮ್ಮ ಬಟ್ಟಲಿಗೆ ತಾವೇ ಹಾಕ್ಕೊಳ್ಳಲ್ಲ. ಪಕ್ಕದವರು ಹಾಕಬೇಕು. ಊರಿಗೆಲ್ಲ ಬಡಿಸೋ ಶೆಟ್ರು ತಾವು ಮಾತ್ರ ಹೀಗಾ? ಹಿಡೀರಿ ಬಟ್ಟಲು."

ಎರಡೂ ಕೈಯಲ್ಲಿ ಬಾಟಲಿ ಹಿಡಿದು ನಿಧಾನವಾಗಿ ಸುರಿದರು. ಮುಳ್ಳು ಬಿಡಿಸಿ ಒಂದು ತುಂಡು ಮೀನು ತಟ್ಟೆಗಿಟ್ಟರು. ಶೆಟ್ಟರು "ಸಾಕು ಸಾಕು" ಎಂದು ಕೈ ಅಡ್ಡ ಹಿಡಿದರು...

"ಇನ್ನೊಂಚೂರು. ಸಂಕೋಚ ಬೇಡ."

ಆ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ಬೇಡವೆಂದರೂ ಅನ್ನ ಹಾಕಿ, "ಸುಮ್ಮನೆ ಉಣ್ಣಿ" ಎಂದು ಗದರುತ್ತಿದ್ದ ಹೆಂಡತಿ ಹೋದ ಮೇಲೆ... ಒಬ್ಬರೇ ಬಡಿಸಿಕೊಂಡು, ಒಬ್ಬರೇ ಉಂಡು, ಒಬ್ಬರೇ ಏಳುತ್ತಿದ್ದರು.

ಮೀನಿನ ತುಂಡಿನ ಜೊತೆ ಗುಟುಕು ಇಳಿಯಿತು. ಮೊದಲು ತಿಳಿದದ್ದು ತುಟಿಗಿಳಿದ ಕಣ್ಣೀರಿನ ಉಪ್ಪು... ಆಮೇಲೆ ಮೀನಿನ ಹೊಗೆವಾಸನೆ... ಅದರ ಹಿಂದೆಯೇ, ಮೆಲ್ಲಗೆ, ಅಕ್ಕಿಯ ಸಿಹಿ.

"ಅಮ್ಮ... ಬಂಗುಡೆಗೆ ಇದೇ ಆಗ್ಬೇಕು. ಇದೇ!"

ಶೆಟ್ಟರು ಇನ್ನೊಂದು ಬಟ್ಟಲು ಅವರ ಮುಂದಿಟ್ಟು, ಬಾಟಲಿ ಎತ್ತಿ ಅದರತ್ತ ಬಾಗಿಸಿದರು. ಇಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ಸಚಿಕೋ ಅಮ್ಮ ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಹಿಡಿದರು.

"ನಮ್ಮನೆಯವರು ಹೋದ್ಮೇಲೆ ನಾನು ಮನೇಲಿ ಸಾಕೆ ಮುಟ್ಟೇ ಇಲ್ಲ ಶೆಟ್ರೇ... ಸುರಿಯೋರು ಬೇಕಲ್ಲ."

ಆ ದೊಡ್ಡ ಹಾಲ್‌ನಲ್ಲಿ ಇಬ್ಬರೇ ಕೂತರು. ಒಬ್ಬರ ಬಟ್ಟಲು ಬರಿದಾದರೆ ಇನ್ನೊಬ್ಬರು ತುಂಬಿದರು.

ಶೆಟ್ಟರು ಹೋಟೆಲ್ ಮಾರಲಿಲ್ಲ. ಈಗ ಅಲ್ಲಿಗೆ ಯಾರಾದರೂ ಒಂಟಿಯಾಗಿ ಊಟಕ್ಕೆ ಬಂದರೆ, ಮಾಲೀಕರೇ ಗಲ್ಲಾ ಬಿಟ್ಟು ಎದ್ದು ಬರುತ್ತಾರೆ... ಬಡಿಸಲು.

*ರುಚಿಯ ಅರ್ಧ ನಾಲಿಗೆಯಲ್ಲಿದೆ, ಇನ್ನರ್ಧ ಬಡಿಸುವ ಕೈಯಲ್ಲಿದೆ.*

ಇವತ್ತು ನಿಮ್ಮ ಮನೆಯಲ್ಲಿ ತಾನೇ ಬಡಿಸಿಕೊಂಡು ಉಂಡವರು ಯಾರು... ನೋಡಿದಿರಾ?