ಬೇಕರಿ ಲೈನ್

ಅಣ್ಣ ಕುಂಟುತ್ತಾ ತನ್ನ ಬೇಕರಿಯ ಭಟ್ಟಿಯಿಂದ ಬಿಸಿ ಬನ್ನಿನ ಟ್ರೇ ಎಳೆದಾಗೆಲ್ಲ, ಆ ವಾಸನೆಗೆ ನನಗೆ ಶಿವಾಜಿನಗರದ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅವನಿಗೆ ಹೆಣ್ಣು ಕೊಡುವ ಮಾತಿಗೆ ಬಂದಿದ್ದ ಹಿರಿಯರೊಬ್ಬರು ಕೆಲಸ ಏನೆಂದು ಕೇಳಿದರು. ಬೆಂಗಳೂರಿನ ಅಮೆರಿಕನ್ ಫುಟ್‌ಬಾಲ್ ತಂಡವೊಂದು ಆಗಷ್ಟೇ ಅವನನ್ನು ಸಂಬಳಕ್ಕೆ ಸೇರಿಸಿಕೊಂಡಿತ್ತು.

"ಲೈನ್‌ಬ್ಯಾಕರ್," ಅಂದ ಅಣ್ಣ.

"ಬೇಕರಿ ಲೈನಾ? ಒಳ್ಳೇದಾಯ್ತು ಬೇಟಾ."

ನಗಲು ಬಾಯಿ ತೆರೆದ ನನ್ನನ್ನು ಅಬ್ಬಾ ಕಣ್ಣಲ್ಲೇ ಗದರಿಸಿ, ಹಿರಿಯರಿಗೆ ಹೌದೆಂದು ತಲೆಯಾಡಿಸಿದರು.

ಅಣ್ಣ ಒಳಗೆ ಹೋಗಿ, ಗೀರುಬಿದ್ದ ಹೆಲ್ಮೆಟ್ ತಂದು ಬಿಸ್ಕತ್ತಿನ ತಟ್ಟೆ ಪಕ್ಕ ಇಟ್ಟ. "ಬೇಕರಿ ಅಲ್ಲ ಚಾಚಾ, ಆಟ. ಬಾಲ್ ಹಿಡ್ಕೊಂಡು ನುಗ್ಗೋರನ್ನ ಕೆಡವೋದೇ ನನ್ನ ಕೆಲಸ."

"ಮಂಡಿ ಹೋದ್ರೆ ಏನ್ಮಾಡ್ತೀಯ?"

"ಆಗ ಬೇಕಾದ್ರೆ ಬನ್ ಮಾಡ್ತೀನಿ," ಅಂದ ಅಣ್ಣ. "ಇವತ್ತು ನಾನು ಲೈನ್‌ಬ್ಯಾಕರ್."