ಎಡಬಾಗಿಲಿನ ಬೀಡಿಂಗ್

ಎಡಬಾಗಿಲಿನ ಬೀಡಿಂಗ್ ಈ ಕಾರಿನದ್ದಲ್ಲ. ಝಕರಿಯಾನಿಗೆ ಅದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು.

ಬಲಬಾಗಿಲಿನ ಕ್ರೋಮ್ ಪಟ್ಟಿ ದಪ್ಪಗೆ, ದುಂಡಂಚಿನದ್ದು. ಎಡಗಡೆಯದ್ದು ತೆಳ್ಳಗೆ, ಬೇರೆ ಯಾವುದೋ ಗಾಡಿಯಿಂದ ಕಿತ್ತು ಕೂರಿಸಿದ್ದು. ಬಟ್ಟೆ ಸುತ್ತಿದ ಸ್ಕ್ರೂಡ್ರೈವರನ್ನು ಅದರ ಅಡಿಗೆ ತೂರಿಸಿ ಮೆಲ್ಲಗೆ ಮೀಟಿದ. ಕ್ಲಿಪ್ಪುಗಳು ಒಂದೊಂದಾಗಿ ಬಿಟ್ಟುಕೊಂಡವು. ಅವುಗಳ ಅಡಿಯಿಂದ ಸೈಕಲ್ ಟ್ಯೂಬಿನ ಚೂರುಗಳು ಉದುರಿದವು. ಕಾಲಿನಿಂದ ಅವನ್ನು ಬದಿಗೆ ಸರಿಸಿದ.

"ಶೆಟ್ರೇ, ಇದು ಬದಲಿಸಿದ್ದಲ್ವಾ?"

ತಾರಾನಾಥ ಶೆಟ್ಟರು ಸ್ಟೂಲಿನ ಮೇಲೆ ಕೂತು ಪೇಪರ್ ನೋಡುತ್ತಿದ್ದರು. ಶಕ್ತಿನಗರದಲ್ಲಿ ಮನೆ, ಫಳ್ನೀರಿನಲ್ಲಿ ಹೋಟೆಲು. ಬರುವ ತಿಂಗಳು ಮಗಳು ಆಶಾಲತಾಳ ಮದುವೆ. ಮದುಮಗಳು ಮನೆಯ ಹಳೆಯ ಹಿಲ್‌ಮನ್ ಕಾರಿನಲ್ಲೇ ಬರಬೇಕೆಂದು ಅವರ ಹಠ. ಅದಕ್ಕೇ ಈ ಹೊಸ ಪೇಂಟು. ಬಂದವರೇ "ನೂರ್ ಇಲ್ವಾ?" ಎಂದು ಕೇಳಿದ್ದರು. ಭಾವ ಶುಕ್ರವಾರದ ಜುಮ್ಮಾ ನಮಾಜಿಗೆ ಹೋಗಿದ್ದಾರೆಂದು ಝಕರಿಯಾ ಹೇಳಿದ್ದ.

"ಹಳೆಯದ್ದು ಮುರಿದು ಹೋಯಿತಂತೆ ಮಾರಾಯ," ಎಂದರು ಶೆಟ್ಟರು, ಪೇಪರಿನಿಂದ ತಲೆ ಎತ್ತದೆ.

ಅಂತೆ! ಸ್ವಂತ ಕಾರಿನ ವಿಷಯಕ್ಕೆ ಅಂತೆಕಂತೆ ಸೇರಿಸುವವನು ಸುಳ್ಳನಲ್ಲದೆ ಇನ್ನೇನು? ಝಕರಿಯಾ ಬಾಗಿಲನ್ನು ಮತ್ತೆ ಬೆರಳಿನಿಂದ ತಡವಿದ.

ಅವನ ತಮ್ಮ ಖಾಲಿದ್ ಸತ್ತದ್ದು ಆಚೆ ವರ್ಷದ ರಂಜಾನಿನಲ್ಲಿ. ಸಂಜೆಯ ಬಾಂಗ್ ಕೂಗುವ ಹೊತ್ತು. ಕುದ್ರೋಳಿಯ ಗಂಡಸರೆಲ್ಲ ಉಪವಾಸ ಬಿಡಲು ಮಸೀದಿ, ಮನೆ ಸೇರಿದ್ದರು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಖರ್ಜೂರದ ಪೊಟ್ಟಣ ಹಿಡಿದು ಮನೆಗೆ ಓಡುತ್ತಿದ್ದ ಹುಡುಗನನ್ನು ಯಾವುದೋ ಅವಸರದ ಕಾರು ಗೋಡೆಗೆ ಒರೆಸಿ, ನಿಲ್ಲದೆ ಹೋಯಿತು. ದುಬೈಯ ಗ್ಯಾರೇಜಿನಲ್ಲಿದ್ದ ಝಕರಿಯಾ ಊರು ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು. ಕಾರಿನದ್ದೆಂದು ಉಳಿದದ್ದು ರಸ್ತೆಯಲ್ಲಿ ಬಿದ್ದಿದ್ದ ಒಂದು ಬೀಡಿಂಗ್ ಮಾತ್ರ. ಅಕ್ಕ ಸುಹರಾ ಅದನ್ನು ಎತ್ತಿಟ್ಟಿದ್ದಳು.

ಅವನು ಮತ್ತೆ ದುಬೈಗೆ ಹೋಗಲಿಲ್ಲ. ಸುಹರಾಳ ಗಂಡ ನೂರ್ ಮುಹಮ್ಮದ್ ಎಷ್ಟು ಹೇಳಿದ, ಓಡಾಡಿ ಹೊಸ ವೀಸಾ ಕೂಡ ತರಿಸಿದ. ಇವನು ಕೇಳಲಿಲ್ಲ. ಭಾವನ ಶೆಡ್ಡಿನಲ್ಲೇ ಟಿಂಕರಿಂಗ್ ಕೆಲಸಕ್ಕೆ ನಿಂತ. ಹಳೆಯ ಕಾರು ಯಾವುದು ಬಂದರೂ ಮಾಡಿನ ಸಂದಿಯಲ್ಲಿ ತಂದಿಟ್ಟಿದ್ದ ಆ ಬೀಡಿಂಗ್ ಇಳಿಸಿ ಹಿಡಿದು ನೋಡುವುದು ಅವನಿಗೆ ಚಟವೇ ಆಗಿಹೋಗಿತ್ತು. ತಮ್ಮನನ್ನು ಕೊಂದವನು ಸಿಗಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಶೆಟ್ಟರು ರಿಕ್ಷಾ ಹತ್ತಿ ಹೋದ ಮೇಲೆ ಬಾಗಿಲಿನ ಪೇಂಟು ಕೆರೆದ. ಅಡಿಯಲ್ಲಿ ಪುಟ್ಟಿ. ಪುಟ್ಟಿ ತೆಗೆದರೆ ಹಳೆಯ ತೂತುಗಳು. ಮಾಡಿನಿಂದ ಬೀಡಿಂಗ್ ಇಳಿಸಿ ಹಿಡಿದ. ಅದರಲ್ಲಿ ಉಳಿದಿದ್ದ ಕ್ಲಿಪ್ಪುಗಳು ಆ ತೂತುಗಳಲ್ಲಿ ಸಲೀಸಾಗಿ ಇಳಿದು ಕೂತವು. ಝಕರಿಯಾ ಬಾಗಿಲಿಗೆ ಹಣೆ ಒತ್ತಿ ಅತ್ತುಬಿಟ್ಟ.

ಜುಮ್ಮಾ ಮುಗಿಸಿ ಬಂದ ನೂರ್ ಮುಹಮ್ಮದ್ ಕಾರನ್ನು ಕಂಡು ಹೊಸ್ತಿಲಲ್ಲೇ ನಿಂತ. ಮುಖ ಬಿಳುಚಿತ್ತು.

"ಇದನ್ನು ತಕ್ಕೊಳ್ಳಲಿಕ್ಕೆ ಯಾರು ಹೇಳಿದ್ದು?"

ಝಕರಿಯಾ ತೋರಿಸಿದ. ಈಗಲೇ ಪೊಲೀಸರ ಹತ್ತಿರ ಹೋಗುತ್ತೇನೆಂದು ಅಂಗಿ ಎತ್ತಿಕೊಂಡ. ಖಾಲಿದನನ್ನು ಸ್ವಂತ ಮಗನಂತೆ ಸಾಕಿದ್ದ ಭಾವ ಹೋಗಿ ಶೆಡ್ಡಿನ ಬಾಗಿಲು ಮುಚ್ಚಿದ. ಆಮೇಲೆ ಅವನ ರಟ್ಟೆ ಹಿಡಿದು ಕೂರಿಸಿದ.

"ಪೊಲೀಸರಿಗೆ ಹೇಳಿದರೆ ಎಂತ ಆಗ್ತದೆ? ದೊಡ್ಡ ಜನ ಅವರು. ಇವತ್ತು ಜಾಮೀನು, ನಾಳೆ ಮದುವೆ ಊಟ." ಸ್ವಲ್ಪ ತಡೆದು ದನಿ ತಗ್ಗಿಸಿದ: "ಅವರು ಮನೆಗೆ ಹೋಗುವ ದಾರಿಯಲ್ಲಿ ಕದ್ರಿಯ ಇಳಿಜಾರು ಉಂಟಲ್ಲ."

ಪೇಂಟು ಒಣಗಿತು. ಝಕರಿಯಾ ಬೀಡಿಂಗ್, ಕನ್ನಡಿ ಎಲ್ಲವನ್ನೂ ಅಂದವಾಗಿ ಕೂರಿಸಿದ. ಪ್ರತಿ ಕ್ಲಿಪ್ಪಿನಡಿ ಸೈಕಲ್ ಟ್ಯೂಬಿನ ಚೂರು ಇಟ್ಟೇ ಒತ್ತಿದ. ಪಟ್ಟಿ ಕಟಕಟ ಅನ್ನಬಾರದೆಂದು ಅದು ಭಾವನ ಪದ್ಧತಿ. ಊರಿನ ಬೇರೆ ಶೆಡ್ಡಿನವರು ಇದನ್ನು ಕಂಡು ನಗುತ್ತಿದ್ದರು. ಆಮೇಲೆ ಕಾರಿನಡಿಗೆ ತೂರಿ ಕೈ ಚಾಚಿದ. ಬ್ರೇಕ್ ಪೈಪಿಗೆ ಸರಿಹೊಂದುವ ಸ್ಪಾನರನ್ನು ಭಾವನೇ ಆರಿಸಿ ಅವನ ಕೈಗಿಟ್ಟ.

ಶೆಟ್ಟರು ಬಂದು ಬಾಗಿಲಿನ ಮೇಲೆ ಕೈಯಾಡಿಸಿದರು. ಖುಷಿಯಲ್ಲಿದ್ದರು.

"ನಿಮ್ಮ ಶೆಡ್ಡಿನ ಕೈ ನನಗೆ ಗೊತ್ತುಂಟು. ಇಬ್ಬರೂ ಮದುವೆಗೆ ಬರಬೇಕು ಆಯ್ತಾ."

ಕಾರು ಹೊರಟಿತು. ಹೊಸದಾಗಿ ಕೂರಿಸಿದ ಕನ್ನಡಿಯಲ್ಲಿ ಅವರ ನಗುಮುಖ ಒಂದು ಗಳಿಗೆ ಕಂಡಿತು. ಝಕರಿಯಾ ಆ ನಗುವನ್ನು ಹಲ್ಲು ಕಚ್ಚಿ ನೋಡಿದ. ಕದ್ರಿಯ ಇಳಿಜಾರಿನಲ್ಲಿ ಹಿಲ್‌ಮನ್ ನಿಂತ ಲಾರಿಯ ಅಡಿಗೆ ನುಗ್ಗಿತೆಂಬ ಸುದ್ದಿ ಮಧ್ಯಾಹ್ನದೊಳಗೆ ಕುದ್ರೋಳಿ ಮುಟ್ಟಿತು. ಶೆಟ್ಟರು ಉಳಿಯಲಿಲ್ಲ. ಆ ದಿನ ಝಕರಿಯಾ ಬಹುಕಾಲದ ಮೇಲೆ ಹೊಟ್ಟೆ ತುಂಬ ಉಂಡ. ಭಾವ ಪಕ್ಕದಲ್ಲಿ ಕೂತು ಬಡಿಸಿದ.

ಮದುವೆ ಮುಂದಕ್ಕೆ ಹೋಯಿತು. ನಜ್ಜುಗುಜ್ಜಾದ ಕಾರು ಶೆಡ್ಡಿನ ಅಂಗಳಕ್ಕೇ ಬಂತು. ಒಂದು ಬೆಳಿಗ್ಗೆ ಶೆಟ್ಟರ ಹೆಂಡತಿ ಶಶಿಪ್ರಭಾ ಬರಿಹಣೆಯಲ್ಲಿ ಬಂದು ನಿಂತರು. ಗಂಡ ದಿನಾ ತನ್ನ ಪಂಚೆಯ ಅಂಚಿನಿಂದ ಒರೆಸುತ್ತಿದ್ದ ಕನ್ನಡಿ ಅದು, ಒಡೆಯದೆ ಉಳಿದ ಒಂದನ್ನಾದರೂ ಬಿಚ್ಚಿ ಕೊಡುತ್ತೀರಾ ಎಂದು ಕೇಳಿದರು. ನೂರ್ ಮುಹಮ್ಮದ್ ಅಂಗಡಿಗೆ ಹೋಗಿದ್ದ. ಝಕರಿಯಾ ಸ್ಕ್ರೂ ತಿರುಗಿಸಿದ. ಕನ್ನಡಿಯೊಂದಿಗೆ ಸೈಕಲ್ ಟ್ಯೂಬಿನ ಚೂರೊಂದು ಅಂಗೈಗೆ ಬಿತ್ತು. ಅವರು ಕನ್ನಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಇವನ ಕಡೆ ಕೃತಜ್ಞತೆಯಿಂದ ನೋಡಿದರು.

"ನಿಮ್ಮ ಭಾವ ಅಂದ್ರೆ ನಮ್ಮವರಿಗೆ ಅಷ್ಟು ನಂಬಿಕೆ. ಆಚೆ ವರ್ಷ ನಿಮ್ಮ ಉಪವಾಸದ ತಿಂಗಳಿಡೀ ನಾವು ಬೊಂಬಾಯಿಯಲ್ಲಿದ್ದಾಗ ಕಾರು ನಿಮ್ಮ ಭಾವನ ಕೈಯಲ್ಲೇ ಇತ್ತು, ಆಗ ಮುರಿದ ಬೀಡಿಂಗಿಗೆ ಪಾಪ ಅವರೇ ಬೇರೆ ಹುಡುಕಿ ಹಾಕಿ ಕೊಟ್ಟದ್ದು."