ಎರಡು ಮನೆ, ಮೂರು ಮನೆ

ಚಿಕ್ಕಬಾಣಾವರದ ಮೇಷ್ಟ್ರ ಮಗ ಕಳಿಸಿಕೊಟ್ಟ ಹಳೆಯ ಅಂಚೆ ಕಾರ್ಡುಗಳ ಕಟ್ಟು ಬಿಚ್ಚಿದಾಗ, ಮುಗ್ಗಲು ವಾಸನೆಯ ಜೊತೆ ಯಲಹಂಕದ ಆ ಮಧ್ಯಾಹ್ನ ಎದ್ದು ಬಂತು.

ತಾತನೂ ಮೇಷ್ಟ್ರೂ ಅಂಚೆಯಲ್ಲಿ, ಕಾರ್ಡಿಗೊಂದು ನಡೆಯಂತೆ, ಚೆಸ್ ಆಡುತ್ತಿದ್ದರು. ಬಿಳಿ ಕಾಯಿಯ ಮೇಷ್ಟ್ರು ನಡುವನ್ನು ಬಿಟ್ಟು ಪಕ್ಕದ ಕಾಲಾಳಿನಿಂದ ಆಟ ತೆರೆದಿದ್ದರು. "ಹಿತ್ತಲ ಬಾಗಿಲಿಂದ ಬರ್ತಾನೆ ಕಳ್ಳ," ಎಂದು ತಾತ ನಗುತ್ತಿದ್ದರು. ಅವರಿಗೆ ಕಣ್ಣಿನ ಪೊರೆ, ಹಾಗಾಗಿ ಕಾರ್ಡು ಬರೆಯುವುದು ನನ್ನ ಕೆಲಸ. ಬರೆದದ್ದೇ ನಡೆ, ಬದಲಾಯಿಸುವಂತಿಲ್ಲ ಎಂಬುದು ಅವರ ಕರಾರು. ಆಟ ಮುಗಿಯುವವರೆಗೆ ನನ್ನ ಶನಿವಾರಗಳು ನನ್ನವಾಗಿರಲಿಲ್ಲ.

ಅಂದು ಹೊರಗೆ ಗೆಳೆಯರು ಕ್ರಿಕೆಟ್ಟಿಗೆ ಕೂಗುತ್ತಿದ್ದರು. "ಆನೆ ಎರಡು ಮನೆ ಹಿಂದೆ ಅಂತ ಬರಿ," ಎಂದರು ತಾತ. ಬರೆದು, ಅಂಚೆ ಡಬ್ಬಕ್ಕೆ ಹಾಕಿ ಓಡಿದೆ.

ಮುಂದಿನ ವಾರದ ಉತ್ತರವನ್ನು ನಾನೇ ಓದಿ ಹೇಳಿದೆ: "ನಿಮ್ಮ ಆನೆ ಮೂರು ಮನೆ ಹೋಗಿ ದಾರಿ ಬಿಟ್ಟಿತು. ನನ್ನ ಮಂತ್ರಿ ಒಳಕ್ಕೆ. ಚೆಕ್‌ಮೇಟ್."

"ನಾನು ಮೂರು ಅಂದ್ನೇನೋ?" ತಾತ ಕೇಳಿದರು.

"ಹೂಂ ತಾತ, ನೀನು ಮೂರೇ ಅಂದೆ."

ಅವರು ಸ್ವಲ್ಪ ಹೊತ್ತು ಮಣೆ ತಡವಿದರು. "ಹಂಗಾದ್ರೆ ನನ್ ತಲೆ ಹೋಯ್ತು ಕಣೋ," ಎಂದು ಕಾಯಿಗಳನ್ನು ಡಬ್ಬಿಗೆ ತುಂಬಿದರು. ಮತ್ತೆಂದೂ ಆಡಲಿಲ್ಲ.

ಆತುರದಲ್ಲಿ ತಪ್ಪಾಗಿ ಕೇಳಿಸಿಕೊಂಡಿರಬೇಕು ಎಂದು ಇಷ್ಟು ವರ್ಷ ನಂಬಿದ್ದೆ. ಕಟ್ಟಿನಲ್ಲಿದ್ದ ಅಂದಿನ ಕಾರ್ಡಿನಲ್ಲಿ 'ಎರಡು' ಎಂಬುದನ್ನು ಹೊಡೆದು ಪಕ್ಕದಲ್ಲಿ 'ಮೂರು' ಎಂದು ಬರೆದಿದೆ, ನನ್ನ ದುಂಡನೆಯ ಅಕ್ಷರದಲ್ಲಿ, ಎಲ್ಲೂ ಆತುರವಿಲ್ಲದೆ.